ಮೀನಿನ ಹೊಟ್ಟೆಯಲ್ಲಿ ಸಿಕ್ಕ ಕೆಸರು

ಪ್ರಶ್ನೆ: ಹಾಳಾದ ಕೆರೆಗಳ ಮೀನಿನ ಹೊಟ್ಟೆಯಲ್ಲಿ ಬರೀ ಕೆಸರು ಸಿಗುತ್ತದೆ. ಅವು ಹೊಸ ಆಹಾರಕ್ಕೆ ಒಗ್ಗಿಕೊಂಡು, ಕೊಳೆ ತಿಂದು ಕೆರೆಯನ್ನು ಶುದ್ಧ ಮಾಡುತ್ತಿವೆಯೇ?

ಉತ್ತರ: ಇದೇ ಪ್ರಶ್ನೆ ಮಾತು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿ ಉತ್ತರಿಸುತ್ತೇನೆ. ಬಸವನಹುಳು, ಕೊಡತಿಹುಳುವಿನ ಮರಿ, ಸಣ್ಣ ಸಿಗಡಿ ಇವೆಲ್ಲ ದಡದಂಚಿನ ಜಲಸಸ್ಯಗಳನ್ನು ಆಶ್ರಯಿಸಿ ಬದುಕುತ್ತವೆ. ಹೂಳು ಮತ್ತು ಪಾಚಿಯಿಂದ ನೀರು ಮಬ್ಬಾಗಿ ಬೆಳಕು ತಳ ಮುಟ್ಟದೆ ಹೋದರೆ ಆ ಸಸ್ಯಗಳು ಸಾಯುತ್ತವೆ, ಅವುಗಳ ಜೊತೆಗೆ ಮೀನಿನ ಊಟವೂ ಹೋಗುತ್ತದೆ. ಆಮ್ಲಜನಕ ಕುಗ್ಗಿದ ತಳದಲ್ಲಿ ಉಳಿಯುವುದು ಕೊಳೆತ ಸಸ್ಯಾಂಶ ಮತ್ತು ಆಮ್ಲಜನಕ ಹಿಡಿದಿಡುವ ಹಿಮೋಗ್ಲೋಬಿನ್ ಮೈಯಲ್ಲಿರುವ ಕೆಂಪು ಹುಳುಗಳು. ಹಿಂದೆ ಬೇರೆ ಬೇರೆ ಆಹಾರ ಹುಡುಕುತ್ತಿದ್ದ ಜಾತಿಗಳೆಲ್ಲ ಈಗ ಅದೇ ಕೆಸರಿಗೆ ಬಾಯಿ ಹಾಕುತ್ತವೆ. ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಮಬ್ಬು ನೀರಿನಲ್ಲಿ ಅದೂ ಕಷ್ಟ.

ಇದನ್ನು ಒಗ್ಗಿಕೊಳ್ಳುವುದು ಎನ್ನಲು ನನಗೆ ಮನಸ್ಸಿಲ್ಲ; ಬೇರೆ ದಾರಿಯಿಲ್ಲದೆ ಸಿಕ್ಕಿದ್ದನ್ನು ತಿನ್ನುವುದು ಅಷ್ಟೆ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ, ಹೊರಗಿನಿಂದ ತಂದುಬಿಟ್ಟ ನೈಲ್ ಪರ್ಚ್ ಮೀನಿನ ದಾಳಿಯ ಜೊತೆಗೆ ನೀರೂ ಕೆಟ್ಟು 1980ರ ದಶಕದಲ್ಲಿ ಸ್ಥಳೀಯ ಸಿಕ್ಲಿಡ್ ಮೀನುಗಳು ಕುಸಿದಾಗ, ಅವನ್ನೇ ತಿನ್ನುತ್ತಿದ್ದ ಪರ್ಚ್ ಸಿಗಡಿಗಳತ್ತ ತಿರುಗಿತು, ತನ್ನ ಮರಿಗಳನ್ನೂ ನುಂಗತೊಡಗಿತು.

ಶುದ್ಧೀಕರಣದ ಮಾತು ಇನ್ನೂ ತಪ್ಪು. ತಳ ಕೆದಕುವ ಗೆಂಡೆಯಂಥ ಮೀನುಗಳು ಹೂಳಿನಲ್ಲಿ ಕುಳಿತಿದ್ದ, ಪಾಚಿಗೆ ಗೊಬ್ಬರವಾಗುವ ರಂಜಕವನ್ನು ನೀರಿಗೆ ಎಬ್ಬಿಸುತ್ತವೆ, ತಿಂದದ್ದರಲ್ಲಿ ಬಹುಪಾಲನ್ನು ವಿಸರ್ಜನೆಯಾಗಿ ಅದೇ ನೀರಿಗೆ ಮರಳಿಸುತ್ತವೆ. ಕೆಲವು ನೀಲಿ-ಹಸಿರು ಪಾಚಿಗಳು ಲೋಳೆಯ ಹೊದಿಕೆಯ ಬಲದಿಂದ ಮೀನಿನ ಕರುಳು ದಾಟಿ ಜೀವಂತವಾಗಿಯೇ ಹೊರಬರುತ್ತವೆ.

ಇನ್ನೊಂದು ಎಚ್ಚರಿಕೆ. ಮೀನಿನ ಹೊಟ್ಟೆಯಲ್ಲಿ ಮೆದು ಮೈಯ ಹುಳುಗಳು ಬೇಗ ಕರಗಿಹೋಗುತ್ತವೆ, ಮರಳು ಮತ್ತು ಚಿಪ್ಪು ಉಳಿಯುತ್ತವೆ. ಆದ್ದರಿಂದ ಹೊಟ್ಟೆಯೊಂದನ್ನೇ ಸೀಳಿ ನೋಡಿ ನಾನು ಯಾವ ತೀರ್ಮಾನವನ್ನೂ ಬರೆಯುವುದಿಲ್ಲ. ಸ್ನಾಯುವಿನಲ್ಲಿರುವ ಇಂಗಾಲ ಮತ್ತು ಸಾರಜನಕದ ಸ್ಥಿರ ಐಸೊಟೋಪ್‌ಗಳನ್ನು (ಒಂದೇ ಧಾತುವಿನ, ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳನ್ನು) ಅಳೆದರೆ ಹಲವು ವಾರಗಳ ಊಟದ ಸುಳಿವು ಸಿಗುತ್ತದೆ.

ಪ್ರಶ್ನೆ: ಕೆರೆ ಶುದ್ಧ ಮಾಡುತ್ತದೆಂದು ಮಾರುವ ಸೂಕ್ಷ್ಮಾಣುಗಳ ಪುಡಿ ಚೆಲ್ಲಿದರೆ ಮೀನಿನ ಹಳೆಯ ಆಹಾರ ಮರಳುತ್ತದೆಯೇ?

ಉತ್ತರ: ಕೊಳಚೆ ಒಳಬರುವುದು ನಿಲ್ಲದೆ ಮರಳುವುದಿಲ್ಲ. ಪುಡಿ ಮಾರುವವರು ತೋರಿಸುವ, ಒಂದರಲ್ಲಿ ಮಬ್ಬು ನೀರು ಇನ್ನೊಂದರಲ್ಲಿ ತಿಳಿನೀರು ಇರುವ ಎರಡು ಬಾಟಲಿಗಳ ಚಿತ್ರದಲ್ಲಿ ಜಲಸಸ್ಯ ಎಲ್ಲಿದೆ ಎಂದು ಅವರನ್ನೇ ಕೇಳಿ.

ಪ್ರಶ್ನೆ: ದಪ್ಪಗಿರುವ ಮೀನಿಗೆ ಆಹಾರ ಚೆನ್ನಾಗಿ ಸಿಗುತ್ತಿದೆ ಎನ್ನಬಹುದೇ?

ಉತ್ತರ: ಮೊಟ್ಟೆ ತುಂಬಿದಾಗಲೂ ಹೊಟ್ಟೆಯಲ್ಲಿ ಲಾಡಿಹುಳು ಸೇರಿದಾಗಲೂ ಮೀನು ದಪ್ಪ ಕಾಣುತ್ತದೆ. ದಯವಿಟ್ಟು ಚಿತ್ರ ಕಳುಹಿಸಬೇಡಿ. ಉದ್ದ ಮತ್ತು ತೂಕ ಅಳೆದು ಬರೆಯಿರಿ.