ಹದಿನಾಲ್ಕರ ಹುಡುಗನಿಗೆ ಲೈಬ್ರರಿಯಲ್ಲಿ ಯಾವ ಕಪಾಟು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೈಸ್ಕೂಲು, ಪಿಯುಸಿ ಮಕ್ಕಳ ಬಗ್ಗೆಯೇ ಇದ್ದವು. ಅದರಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಸಾರ್ವಜನಿಕ ಗ್ರಂಥಾಲಯದ ಕೌಂಟರಿನ ಹಿಂದೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೂತವಳು ನಾನು. ಈ ವಯಸ್ಸಿನ ಮಕ್ಕಳು ಬಾಗಿಲವರೆಗೆ ಬಂದು ವಾಪಸ್ ಹೋಗುವುದನ್ನು ತುಂಬಾ ಸಲ ನೋಡಿದ್ದೇನೆ, ಆಗೆಲ್ಲ ಬೇಜಾರಾಗಿದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಐದನೇ ಕ್ಲಾಸಿನವರೆಗೆ ಕಥೆ ಪುಸ್ತಕ ಕೈಬಿಡುತ್ತಿರಲಿಲ್ಲ. ಈಗ ಮೊಬೈಲ್ ಬಿಟ್ಟರೆ ಬೇರೆ ಲೋಕವೇ ಇಲ್ಲ. ಮೊನ್ನೆ ಒತ್ತಾಯ ಮಾಡಿ ಲೈಬ್ರರಿಗೆ ಕರೆದುಕೊಂಡು ಹೋದೆ. ಹತ್ತೇ ನಿಮಿಷಕ್ಕೆ "ಇಲ್ಲಿ ನನಗೇನೂ ಇಲ್ಲಮ್ಮ" ಅಂತ ಎದ್ದು ಬಂದ. ಏನು ಮಾಡಲಿ ಮೇಡಂ? (ಒಬ್ಬ ತಾಯಿ, ಹಾವೇರಿ)

ಉತ್ತರ: ಮೊದಲು ಒಂದು ಮಾತು. ನಿಮ್ಮ ಮಗ ಸುಮ್ನೆ ನೆಪ ಹೇಳಿದ ಅಂತ ಅಂದುಕೊಳ್ಳಬೇಡಿ. ಅವನ ಕಣ್ಣಿಗೆ ಕಂಡದ್ದನ್ನೇ ಅವನು ಹೇಳಿದ್ದಾನೆ. ನಮ್ಮ ಬಹಳಷ್ಟು ಲೈಬ್ರರಿಗಳಲ್ಲಿ ಒಂದು ಮೂಲೆಯಲ್ಲಿ ಮಕ್ಕಳ ಪುಸ್ತಕ ಇರುತ್ತದೆ. ಪಂಚತಂತ್ರ, ಚಿತ್ರಕಥೆ, ಬಣ್ಣದ ಗೋಡೆ, ಪುಟ್ಟ ಕುರ್ಚಿ. ಆ ಕುರ್ಚಿಯಲ್ಲಿ ಅವನ ಮೊಣಕಾಲು ಹಿಡಿಸುವುದಿಲ್ಲ. ಇನ್ನೊಂದು ಕಡೆ ಕೆಎಎಸ್, ಎಫ್‌ಡಿಎ ಪರೀಕ್ಷೆಯ ಗೈಡುಗಳು, ಪೇಪರ್ ಓದುವ ಹಿರಿಯರು, ದಪ್ಪ ದಪ್ಪ ಕಾದಂಬರಿಗಳು. ಎರಡರ ನಡುವೆ ಅವನದು ಅನ್ನುವ ಜಾಗವೇ ಇಲ್ಲ.

ಹಾಗಂತ ಅವನಿಗೆ ಹಿಡಿಸುವ ಪುಸ್ತಕ ಇಲ್ಲ ಅಂತಲ್ಲ. ಇವೆ, ಆದರೆ ಬೇರೆ ಬೇರೆ ಕಪಾಟಿನಲ್ಲಿ ಚೆದುರಿ ಹೋಗಿವೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಗಳ ಸಾಲಿನಲ್ಲಿ ಎಲ್ಲೋ ಇರುತ್ತದೆ. 1980ರ ಪುಸ್ತಕ, ಗಾತ್ರ ಚಿಕ್ಕದು. ಹಾರುವ ಓತಿಯೊಂದನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಹಳ್ಳಿಯ ಮಂದಣ್ಣ ಮತ್ತೆ ಕಥೆ ಹೇಳುವವರು ಎಲ್ಲ ಸೇರಿ ಕಾಡಿಗೆ ಹೋಗುವ ಕಥೆ. ಅವರದೇ ಮಿಲೇನಿಯಂ ಸರಣಿಯಲ್ಲಿ 16 ಪುಸ್ತಕಗಳಿವೆ. ಮಹಾಯುದ್ಧ, ಚಂದ್ರ, ಪೆಸಿಫಿಕ್ ದ್ವೀಪಗಳು, ಹೀಗೆ ಒಂದೊಂದರಲ್ಲಿ ಒಂದೊಂದು ವಿಷಯ. ಮೊಬೈಲಿನಲ್ಲಿ ಯುದ್ಧದ ವಿಡಿಯೊ ನೋಡುವ ಹುಡುಗನಿಗೆ ಇವು ದೂರದ ಪುಸ್ತಕಗಳೇ ಅಲ್ಲ. ಇನ್ನು ಕೆನೆತ್ ಆಂಡರ್ಸನ್ ಅವರ ಶಿಕಾರಿ ಅನುಭವಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಇವೆ, ನಾಲ್ಕು ಭಾಗ. ಓದೇ ಬೇಡ ಅನ್ನುವ ಹುಡುಗರಿಗೆ ನಾನು ಮೊದಲು ಕೊಡುತ್ತಿದ್ದದ್ದು ಇವನ್ನೇ. ಕೊಡುವುದು ಅಂದರೆ ಕೈಗಿಟ್ಟು ಬಿಡುವುದಲ್ಲ. ಮೊದಲ ನಾಲ್ಕು ಪುಟ ನಾನೇ ಜೋರಾಗಿ ಓದುತ್ತಿದ್ದೆ, ಪ್ರಾಣಿ ಇನ್ನೇನು ಪೊದೆಯಿಂದ ಹೊರಗೆ ಬರಬೇಕು ಅನ್ನುವಾಗ ನಿಲ್ಲಿಸಿ, ಪುಸ್ತಕ ಮೇಜಿನ ಮೇಲಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ. ವಾಪಸ್ ಬಂದಾಗ ಪುಸ್ತಕ ಹೆಚ್ಚಾಗಿ ಮೇಜಿನ ಮೇಲೆ ಇರುತ್ತಿರಲಿಲ್ಲ, ಯಾರದೋ ಕೈಯಲ್ಲಿರುತ್ತಿತ್ತು. ಮನೆಯಲ್ಲಿ ನೀವೂ ಹೀಗೇ ಮಾಡಿ ನೋಡಿ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಸಾಕು.

ಇನ್ನೊಂದು ವಿಷಯ. ಮುಂದಿನ ಸಲ ನೀವು ಜೊತೆಗೆ ಹೋಗಬೇಡಿ. 14ನೇ ವಯಸ್ಸಿನಲ್ಲಿ ಅಮ್ಮನ ಹಿಂದೆ ಲೈಬ್ರರಿಗೆ ಹೋಗುವುದು ಅವನಿಗೆ ಮುಜುಗರ. ಗೆಳೆಯನ ಜೊತೆ ಕಳಿಸಿ. ಅವನು ಕ್ರಿಕೆಟ್ ಪುಟ ಮಾತ್ರ ಓದಿ ಬಂದರೂ, ಸಿನಿಮಾ ಸುದ್ದಿ ಓದಿ ಬಂದರೂ ಏನೂ ಅನ್ನಬೇಡಿ. ಪುಸ್ತಕ ತಂದು ಇಪ್ಪತ್ತು ಪುಟಕ್ಕೆ ಬಿಟ್ಟರೆ ಬಿಡಲಿ, ವಾಪಸ್ ಕೊಟ್ಟು ಇನ್ನೊಂದು ತರಲಿ. ಲೈಬ್ರರಿ ಇರುವುದೇ ಅದಕ್ಕೆ, ದುಡ್ಡು ಕೊಟ್ಟು ತಂದಿದ್ದಲ್ಲವಲ್ಲ. "ಏನು ಓದಿದೆ, ಅದರಿಂದ ಏನು ಕಲಿತೆ" ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಆ ಒಂದು ಪ್ರಶ್ನೆಗೆ ಹೆದರಿ ಓದು ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಚಿಕ್ಕ ಮಕ್ಕಳು ಚೆನ್ನಾಗಿ ಬರುತ್ತಾರೆ. ಚಿತ್ರ ಬರೆಯುತ್ತಾರೆ, ಚೆಸ್ ಆಡುತ್ತಾರೆ. ಎಂಟನೇ ತರಗತಿ ದಾಟಿದವರು ಮಾತ್ರ ಈ ಕಡೆ ತಲೆ ಹಾಕುವುದಿಲ್ಲ. ದುಡ್ಡು ಖರ್ಚಿಲ್ಲದೆ ಅವರಿಗೆ ಏನು ಚಟುವಟಿಕೆ ಮಾಡಿಸಬಹುದು? (ತುಮಕೂರು ಜಿಲ್ಲೆ)

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಯಾಕೆಂದರೆ ಅರ್ಧ ಕೆಲಸ ನಿಮ್ಮಲ್ಲಿ ಆಗಲೇ ಆಗಿದೆ. 2020ರ ನವೆಂಬರ್ 14ರಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ ಕೊರೊನಾದಿಂದ ಶಾಲೆ ಮುಚ್ಚಿತ್ತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಅಂತ ಮಾಡಿದರು, ಹಳ್ಳಿ ಹಳ್ಳಿಯಲ್ಲೂ ಮಕ್ಕಳು ಬಂದರು. ಆಗ ಒಂಬತ್ತು ವರ್ಷ ಇದ್ದ ಮಗು ಈಗ ಹೈಸ್ಕೂಲು. ಅಂದರೆ ನೀವು ಹುಡುಕುತ್ತಿರುವ ಮಕ್ಕಳು ನಿಮ್ಮ ರಿಜಿಸ್ಟರಿನಲ್ಲಿ ಆಗಲೇ ಇರಬಹುದು. ಹಳೆಯ ಸದಸ್ಯರ ಪಟ್ಟಿ ತೆಗೆದು ಹೆಸರು ಹಿಡಿದು ಕರೆಯಿರಿ. "ಎಲ್ಲ ವಿದ್ಯಾರ್ಥಿಗಳೂ ಬರಬೇಕು" ಅಂತ ಬೋರ್ಡಿಗೆ ಚೀಟಿ ಅಂಟಿಸಿದರೆ ಯಾರೂ ಬರಲ್ಲ.

ಕರೆದು ಏನು ಮಾಡಿಸುವುದು ಅಂತೀರಾ? ಸ್ಪರ್ಧೆ ಬೇಡ. ನಾನು ಮೊದಲ ವರ್ಷ ಮಾಡಿದ ದೊಡ್ಡ ತಪ್ಪು ಅದೇ. ಪುಸ್ತಕ ವಿಮರ್ಶೆ ಸ್ಪರ್ಧೆ ಇಟ್ಟೆ, ಅತಿಥಿಗಳನ್ನು ಕರೆದೆ, ಬಹುಮಾನಕ್ಕೆ ಅಂತ ಸ್ಟೀಲ್ ಡಬ್ಬಿ ತಂದೆ. ಹನ್ನೊಂದು ಮಕ್ಕಳು ಬರೆದುಕೊಟ್ಟರು, ಓದಿ ನೋಡಿದರೆ ಬಹಳಷ್ಟು ಮನೆಯ ದೊಡ್ಡವರು ಬರೆದುಕೊಟ್ಟದ್ದು. ಮುಂದಿನ ವಾರ ಅವರಲ್ಲಿ ಒಬ್ಬರೂ ಬರಲಿಲ್ಲ. ಆಮೇಲೆ ಒಂದು ದಿನ ಹೊಸ ಪುಸ್ತಕದ ಗಂಟು ಬಂತು. ಕೈ ಸಾಲದೆ, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಹುಡುಗರನ್ನು ಕರೆದು ಮುದ್ರೆ ಹಾಕಿಸಿದೆ, ಚೀಟಿ ಅಂಟಿಸಿಸಿದೆ, ನಂಬರ್ ಬರೆಸಿದೆ. ಸಂಜೆ ಹೋಗುವಾಗ ಇಬ್ಬರ ಕಂಕುಳಲ್ಲೂ ಒಂದೊಂದು ಪುಸ್ತಕ! ತಾವೇ ಮುದ್ರೆ ಹಾಕಿದ ಪುಸ್ತಕ ಅಲ್ವಾ. ಈ ವಯಸ್ಸಿನವರಿಗೆ ಬೇಕಾದದ್ದು ಕೆಲಸ, ನಂಬಿಕೆ, ಕೈಗೊಂದು ಬೀಗದ ಕೈ. ಅವತ್ತಿನಿಂದ ನಾನು ಕಾರ್ಯಕ್ರಮ ಮಾಡುವುದನ್ನು ಕಡಿಮೆ ಮಾಡಿ ಅವರಿಗೆ ಕೆಲಸ ಕೊಡುವುದನ್ನು ಜಾಸ್ತಿ ಮಾಡಿದೆ.

ಹಾಗಾಗಿ ಮೊದಲ ಕೆಲಸ, ಅವರದೇ ಕಪಾಟು. ಹಾವೇರಿಯ ತಾಯಿಗೆ ಹೇಳಿದೆನಲ್ಲ, ಪುಸ್ತಕ ಚೆದುರಿ ಹೋಗಿವೆ ಅಂತ, ಅವನ್ನು ಹುಡುಕಿ ಒಂದು ಕಡೆ ಸೇರಿಸುವ ಕೆಲಸವನ್ನು ನಾಲ್ಕೈದು ಮಕ್ಕಳಿಗೇ ಒಪ್ಪಿಸಿ. ಇಡೀ ಲೈಬ್ರರಿ ಜಾಲಾಡಲಿ. ಯಾವುದು ಇಡಬೇಕು, ಯಾವುದು ಬೇಡ ಅಂತ ಅವರೇ ಜಗಳ ಆಡಿ ತೀರ್ಮಾನ ಮಾಡಲಿ. ಕಪಾಟಿಗೆ ಹೆಸರೂ ಅವರೇ ಇಡಲಿ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನಿಸಿಕೊಂಡ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುವುದು ಅದರಲ್ಲಿ ಎರಡನೆಯದು, ಮೂರನೆಯದು. ನಾವೆಲ್ಲ ಪರೀಕ್ಷೆಗೆ ಓದಿ ಪಾಸಾದವರೇ. ನನಗೆ ಅದರ ಅರ್ಥ ಆದದ್ದು ಮಾತ್ರ, ಹತ್ತು ವರ್ಷ ಯಾರೂ ಮುಟ್ಟದ ಒಂದು ಹಾವಿನ ಪುಸ್ತಕವನ್ನು ಒಂಬತ್ತನೇ ಕ್ಲಾಸಿನ ಹುಡುಗಿ ಧೂಳು ಒರೆಸಿ ತನ್ನ ಕಪಾಟಿಗೆ ತಂದಿಟ್ಟಾಗ.

ಎರಡನೆಯದು, ಚಿಕ್ಕವರಿಗೆ ಓದಿ ಹೇಳುವ ಕೆಲಸ. ನಿಮ್ಮಲ್ಲಿ ಚಿಕ್ಕ ಮಕ್ಕಳು ಹೇಗೂ ಬರುತ್ತಾರಲ್ಲ, ಶನಿವಾರ ಅರ್ಧ ಗಂಟೆ ದೊಡ್ಡವರು ಅವರಿಗೆ ಕಥೆ ಓದಲಿ. ಓದು ತಡವರಿಸುವ ಹುಡುಗನೂ ಆರು ವರ್ಷದ ಮಗುವಿನ ಮುಂದೆ ನಾಚಿಕೆ ಇಲ್ಲದೆ ಓದುತ್ತಾನೆ, ಅವನ ಓದೂ ಸುಧಾರಿಸುತ್ತದೆ. ಪುಸ್ತಕ ಕಡಿಮೆ ಅನಿಸಿದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ಇದೆ. ಅಲ್ಲಿನ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಬೇರೆ ಭಾಷೆಯ ಕಥೆಯನ್ನು ನಾವೇ ಕನ್ನಡಕ್ಕೆ ಅನುವಾದ ಮಾಡಿ ಅಲ್ಲೇ ಹಾಕಬಹುದು. ಇಂಗ್ಲಿಷ್ ಸ್ವಲ್ಪ ಬರುವ ಪಿಯುಸಿ ಮಕ್ಕಳಿಗೆ ಇದು ಒಳ್ಳೆಯ ಕೆಲಸ. ಒಂದೊಂದು ಸಾಲಿಗೂ "ನಮ್ಮ ಕಡೆ ಇದಕ್ಕೆ ಏನಂತಾರೆ" ಅಂತ ಚರ್ಚೆ ನಡೆಯುತ್ತದೆ. ಆ ಚರ್ಚೆ ಕೇಳಲೆಂದೇ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಊರಿನ ದಾಖಲೆ. ನಿಮ್ಮೂರಿನ ಕೆರೆ ಯಾವಾಗ ಕಟ್ಟಿದ್ದು, ಯಾವ ಹೊಲಕ್ಕೆ ಏನು ಹೆಸರು, ಮುಂಚೆ ಯಾವ ರಾಗಿ ತಳಿ ಬೆಳೆಯುತ್ತಿದ್ದರು, ಜಾತ್ರೆಯಲ್ಲಿ ಯಾರ ಮನೆಯವರದ್ದು ಯಾವ ಕೆಲಸ, ಇದನ್ನೆಲ್ಲ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲಿ. ಮೊಬೈಲಿನಲ್ಲೇ ರೆಕಾರ್ಡ್ ಮಾಡಲಿ, ಫೋಟೊ ತೆಗೆಯಲಿ. ಮೊಬೈಲನ್ನು ಲೈಬ್ರರಿಯ ಶತ್ರು ಅಂತ ನೋಡುವುದು ನನಗೆ ಸರಿ ಕಾಣುವುದಿಲ್ಲ. ಕೊನೆಗೆ ಎಲ್ಲ ಒಂದು ನೋಟ್‌ಬುಕ್ಕಿಗೆ ಬರಲಿ, ಅದಕ್ಕೂ ಒಂದು ನಂಬರ್ ಕೊಟ್ಟು ಕಪಾಟಿನಲ್ಲಿ ಇಡಿ. ತಾನು ಬರೆದದ್ದು ಲೈಬ್ರರಿಯಲ್ಲಿದೆ ಅಂತ ಆ ಮಗು ಊರೆಲ್ಲ ಹೇಳಿಕೊಂಡು ಬರುತ್ತದೆ, ಜೊತೆಗೆ ನಾಲ್ಕು ಜನರನ್ನು ಕರೆತರುತ್ತದೆ. ಮುಂದೆ ಬೇಕಾದರೆ ಕನ್ನಡ ವಿಕಿಪೀಡಿಯಕ್ಕೂ ಬರೆಯಬಹುದು, ಅದು 2003ರಿಂದ ಇದೆ. ಆದರೆ ಅಲ್ಲಿ ಪುಸ್ತಕದ್ದೋ ಪತ್ರಿಕೆಯದ್ದೋ ಆಧಾರ ಕೊಡಬೇಕು. ಬರೀ ಅಜ್ಜಿ ಹೇಳಿದರು ಅಂತ ಬರೆದರೆ ನಿಲ್ಲುವುದಿಲ್ಲ. ಆಧಾರ ಹುಡುಕುವುದನ್ನು ಕಲಿಯುವುದಕ್ಕೆ ಅದೂ ಒಳ್ಳೆಯದೇ.

ಹೊತ್ತಿನ ಬಗ್ಗೆಯೂ ಸ್ವಲ್ಪ ಯೋಚಿಸಿ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಊಟ ಮಾಡಿ ಬರುವ ಹಾಗೆ ಇಟ್ಟುಕೊಳ್ಳಿ, ಹೆಣ್ಣುಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರುವ ಹಾಗೆ ಮುಗಿಸಿ. ಆ ಒಂದೂವರೆ ಗಂಟೆ "ನಿಶ್ಶಬ್ದ" ಬೋರ್ಡನ್ನು ತಿರುಗಿಸಿ ಇಟ್ಟುಬಿಡಿ. ಪೇಪರ್ ಓದುವ ಹಿರಿಯರಿಗೆ ಮೊದಲೇ ಹೇಳಿ ಒಪ್ಪಿಸಿಕೊಂಡರೆ ಅವರೇನೂ ಬೇಡ ಅನ್ನುವುದಿಲ್ಲ. ನಮ್ಮಲ್ಲಿ ಇಬ್ಬರು ಹಿರಿಯರು ಆಮೇಲೆ ಚೆಸ್ ಕಲಿಸುವುದಕ್ಕೇ ಬರುತ್ತಿದ್ದರು.

ಪ್ರಶ್ನೆ: ನಾನು ಪ್ರಥಮ ಪಿಯುಸಿ. ಓದುವ ಆಸೆ ಇದೆ. ಆದರೆ ನಮ್ಮ ಲೈಬ್ರರಿಯಲ್ಲಿ ಯಾವಾಗಲೂ ಗಂಡಸರೇ ತುಂಬಿರುತ್ತಾರೆ, ನಾನು ಒಳಗೆ ಹೋದರೆ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಕಾದಂಬರಿ ತಂದರೆ ಅಮ್ಮ ಬೈತಾರೆ. ನಾನು ಏನು ಓದಬಹುದು? (ವಿದ್ಯಾರ್ಥಿನಿ, ರಾಯಚೂರು)

ಉತ್ತರ: ಮುಜುಗರ ಆಗುವುದು ನಿನ್ನ ತಪ್ಪಲ್ಲ ಪುಟ್ಟಾ. ಆ ಜಾಗ ಹಾಗಿದೆ, ಅದನ್ನು ಸರಿ ಮಾಡಬೇಕಾದವರು ನಾವು. ಆದರೆ ನಾವು ಸರಿ ಮಾಡುವವರೆಗೆ ನೀನು ಕಾಯಬೇಡ. ಇಬ್ಬರು ಗೆಳತಿಯರನ್ನು ಜೊತೆಗೆ ಕರೆದುಕೊಂಡು ಹೋಗು. ಮೂವರೂ ಸೇರಿ ಒಂದು ಅರ್ಜಿ ಬರೆದು ಕೊಡಿ, ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ ಕೌಂಟರಿನ ಹತ್ತಿರದ ಮೇಜು ವಿದ್ಯಾರ್ಥಿನಿಯರಿಗೆ ಬಿಟ್ಟುಕೊಡಿ ಅಂತ. ಬಾಯಿಮಾತಿಗೆ ಹೇಳಿದರೆ ಮರೆತುಹೋಗುತ್ತದೆ, ಅರ್ಜಿ ಕೊಟ್ಟರೆ ಫೈಲಿನಲ್ಲಿ ಉಳಿಯುತ್ತದೆ. ಕೇಳುವುದಕ್ಕೆ ಹಿಂಜರಿಯಬೇಡ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿಯಂತೆ ಗ್ರಂಥಾಲಯ ಕರ ಕಟ್ಟಿಸಿಕೊಳ್ಳುತ್ತಾರೆ. ಆ ಮೇಜು ಕುರ್ಚಿಯಲ್ಲಿ ನಿಮ್ಮ ಮನೆಯದೂ ಪಾಲಿದೆ.

ಓದುವುದಕ್ಕೆ ಏನು ಅಂದೆ. ಕಾದಂಬರಿಗಾರ್ತಿ ತ್ರಿವೇಣಿಯವರಿಂದ ಶುರು ಮಾಡು. ಪ್ರೀತಿ, ಮದುವೆ, ಮನಸ್ಸಿನ ಕಾಯಿಲೆ, ಇದನ್ನೆಲ್ಲ ಅವರು ಹೆಣ್ಣಿನ ಕಡೆಯಿಂದ ಬರೆದಿದ್ದಾರೆ, ಭಾಷೆಯೂ ಸಲೀಸು. ಆಮೇಲೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಬಾಲವಿಧವೆಯೊಬ್ಬಳ ಬದುಕು, ನಿಜವಾಗಿ ಬದುಕಿದ್ದವರ ಕಥೆ. ಓದಿ ಮುಗಿಸಿದ ದಿನ ನಿನಗೆ ಊಟ ಸೇರದೆ ಇರಬಹುದು, ಆದರೂ ಓದು. ಸಿದ್ಧಲಿಂಗಯ್ಯ ಅವರ ಆತ್ಮಕಥೆ 'ಊರುಕೇರಿ'ಯಲ್ಲಿ ಬಡತನ, ಜಾತಿಯ ನೋವು ಎಲ್ಲ ಇದೆ, ಆದರೆ ಓದುತ್ತಾ ಓದುತ್ತಾ ನಗುವೂ ಬರುತ್ತದೆ. ಸೈನ್ಸ್ ಓದುತ್ತಿದ್ದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಬಿಡಬೇಡ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಪುಸ್ತಕ, ನಿನ್ನ ಬಯಾಲಜಿ ಪಾಠ ಆಮೇಲೆ ಬೇರೆ ಥರ ಕಾಣುತ್ತದೆ. ಇನ್ನು ಅಮ್ಮ. ತ್ರಿವೇಣಿಯವರ ಪುಸ್ತಕ ತಂದ ದಿನ ಅದನ್ನು ಬಚ್ಚಿಡಬೇಡ, ಅಡುಗೆಮನೆಯ ಕಿಟಕಿಯ ಮೇಲೆ ಇಡು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ಕಾದಂಬರಿ ತರಿಸಿ ಓದಿದ ಹೆಂಗಸರು ನಿನ್ನ ಅಜ್ಜಿಯ ಕಾಲದಲ್ಲಿ ಎಷ್ಟೋ ಜನ ಇದ್ದರು. ನಿಮ್ಮ ಮನೆಯಲ್ಲೂ ಒಬ್ಬರು ಇದ್ದಿರಬಹುದು, ಕೇಳಿ ನೋಡು.

ಪ್ರಶ್ನೆ: ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. ಇಂಗ್ಲಿಷ್ ಮೀಡಿಯಂ, ಕನ್ನಡ ನಿಧಾನ. ಈಗ ಲೈಬ್ರರಿ ಅಂತ ಓಡಾಡಿದರೆ ಓದು ಹಾಳಾಗುತ್ತಾ? (ಒಬ್ಬ ತಂದೆ, ಬೆಂಗಳೂರು)

ಉತ್ತರ: ಹಾಳಾಗುವುದಿಲ್ಲ ಸರ್. ಪಠ್ಯಪುಸ್ತಕ ಹಿಡಿದುಕೊಂಡೇ ಲೈಬ್ರರಿಗೆ ಹೋಗಲಿ, ಮನೆಯ ಟಿವಿ ಗಲಾಟೆಗಿಂತ ಆ ಮೇಜು ಒಳ್ಳೆಯದು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ, ಒಂದು ಭಾನುವಾರ ಸುಮ್ನೆ ಸುತ್ತಾಡಿಸಿಕೊಂಡು ಬನ್ನಿ. ಕನ್ನಡ ನಿಧಾನ ಅಂದರೆ ಮೊದಲು ಚಿಕ್ಕ ಚಿಕ್ಕ ಬರಹ ಓದಲಿ, ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ ಒಂದೊಂದು ಕಥೆ ಒಂದೇ ಸಲಕ್ಕೆ ಓದಿ ಮುಗಿಯುತ್ತದೆ. ಫೋನಿನಲ್ಲೇ ಓದುತ್ತೇನೆ ಅಂದರೆ ಗ್ರಂಥಾಲಯ ಇಲಾಖೆಯ ಇ-ಸಾರ್ವಜನಿಕ ಗ್ರಂಥಾಲಯ ಇದೆ, ನೋಂದಣಿ ಉಚಿತ, 2020ರಲ್ಲಿ ಶುರುವಾದದ್ದು. ಕೊನೆಯ ಪರೀಕ್ಷೆ ಬರೆದು ಬಂದ ದಿನವೇ, ಬೇಸಿಗೆ ಕೋಚಿಂಗ್‌ಗೆ ಹೆಸರು ಬರೆಸುವ ಮುಂಚೆ, ಅವಳಿಗೆ ಲೈಬ್ರರಿ ಕಾರ್ಡ್ ಮಾಡಿಸಿ. ಅರ್ಜಿಯನ್ನು ಅವಳೇ ತುಂಬಲಿ, ಸಹಿಯೂ ಅವಳದೇ ಇರಲಿ.