ಒಂದೇ ವಿಮಾನ, ಪಕ್ಕದ ಸೀಟಿಗೆ ಅರ್ಧ ರೇಟು ಹೇಗೆ?

ಬೆಂಗಳೂರಿನಿಂದ ದೆಹಲಿಗೆ ನೀವು 9,800 ಕೊಟ್ಟಿರಿ, ಪಕ್ಕದಲ್ಲಿ ಕೂತವರು 5,100 ಕೊಟ್ಟಿದ್ದರು. ಬಸ್ಸಿಗಿರುವ ಹಾಗೆ ವಿಮಾನಕ್ಕೂ ಗೊತ್ತಾದ ರೇಟು ಅಂತ ಇದೆಯಾ, ಪದೇ ಪದೇ ಹುಡುಕಿದ್ದಕ್ಕೇ ನಿಮಗೆ ಏರಿಸಿದರಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಹದಿಮೂರು ವರ್ಷ ಟಿಕೆಟಿಂಗ್ ಕೌಂಟರಿನಲ್ಲಿ ಕೂತವನು. ದಿನಕ್ಕೆ ಹತ್ತು ಸಲವಾದರೂ ಈ ಪ್ರಶ್ನೆ ಕೇಳಿಸಿಕೊಂಡಿದ್ದೇನೆ.

ಗೊತ್ತಾದ ರೇಟು ಇದೆ. ಆದರೆ ಒಂದಲ್ಲ, ಒಂದೇ ಎಕಾನಮಿ ಕ್ಲಾಸಿನೊಳಗೆ ಹತ್ತು ಹದಿನೈದು ಇರುತ್ತವೆ.

ನಮ್ಮ ಸ್ಕ್ರೀನಿನಲ್ಲಿ ವಿಮಾನದ ಎದುರು ಹೀಗೊಂದು ಸಾಲು ಬರುತ್ತಿತ್ತು: ವೈ9 ಬಿ9 ಎಂ9 ಕೆ4 ಎಲ್2 ವಿ0. ಒಂದೊಂದು ಅಕ್ಷರವೂ ಒಂದೊಂದು ದರ್ಜೆ. ಸೀಟು ಅದೇ, ಅಗಲ ಅದೇ, ಬೆಲೆ ಮತ್ತು ಷರತ್ತು ಮಾತ್ರ ಬೇರೆ. ವೈ ಅಂದರೆ ಸಾಮಾನ್ಯವಾಗಿ ಎಕಾನಮಿಯ ಪೂರ್ತಿ ದರ. ಉಳಿದ ಅಕ್ಷರಗಳ ಕ್ರಮ ಒಂದೊಂದು ಕಂಪನಿಗೆ ಒಂದೊಂದು ಥರ. ಪಕ್ಕದ ಅಂಕಿ ಆ ದರದಲ್ಲಿ ಇನ್ನೆಷ್ಟು ಸೀಟು ಕೊಡಬಹುದು ಅನ್ನುವುದು. 9 ಅಂದರೆ ಒಂಬತ್ತು ಅಥವಾ ಜಾಸ್ತಿ. ಸೊನ್ನೆ ಅಂದರೆ ಆ ಬಾಗಿಲು ಮುಚ್ಚಿದೆ. ವಿಮಾನದಲ್ಲಿ ನೂರು ಸೀಟು ಖಾಲಿ ಇದ್ದರೂ ಸರಿ, ವಿ ದರ ಸಿಗುವುದಿಲ್ಲ.

ಹಾಗಾಗಿ ನಾವು 'ರೇಟು ಏರಿತು' ಅನ್ನುವಾಗ ನಿಜಕ್ಕೂ ಆಗಿರುವುದು ಬಹಳ ಸಲ ಇಷ್ಟೇ: ಕೆಳಗಿನ ದರದ ಸೀಟು ಮುಗಿದಿವೆ, ಅಥವಾ ಕಂಪನಿ ಅದನ್ನು ಮುಚ್ಚಿದೆ. ದರಗಳ ಪಟ್ಟಿ ಅಲ್ಲೇ ಇದೆ. ಇವತ್ತು ಅದರ ಯಾವ ಸಾಲು ತೆರೆದಿದೆ ಅನ್ನುವುದು ಬದಲಾಗಿದೆ. ನಿಮ್ಮ ಪಕ್ಕದವರು ಎಲ್ ತೆರೆದಿದ್ದಾಗ ತೆಗೆದುಕೊಂಡಿದ್ದಾರೆ, ನೀವು ಬರುವಾಗ ಅದಕ್ಕಿಂತ ದುಬಾರಿಯಾದ ಎಂ ಮತ್ತು ಅದರ ಮೇಲಿನವು ಮಾತ್ರ ಉಳಿದಿದ್ದವು, ಅಂಥದ್ದೇನೋ ಆಗಿರಬೇಕು.

ಇದರಲ್ಲಿ ಜನರಿಗೆ ಗೊತ್ತಿಲ್ಲದೆ ದುಡ್ಡು ಹೋಗುವ ಜಾಗ ಒಂದಿದೆ. ಒಮ್ಮೆ ಮಗಳ ಮನೆಗೆ ಹೊರಟ ಅಪ್ಪ, ಅಮ್ಮ, ಅಜ್ಜಿ ಬಂದರು. ಎಲ್‌ನಲ್ಲಿ ಎರಡೇ ಸೀಟು, ತಲಾ 4,600. ಅದರ ಮೇಲಿನ ಕೆ 5,900. ಮೂರು ಸೀಟು ಒಟ್ಟಿಗೆ ಕೇಳಿದರೆ ಸಿಸ್ಟಮ್ ಎರಡನ್ನು ಎಲ್‌ನಲ್ಲಿ, ಒಂದನ್ನು ಕೆಯಲ್ಲಿ ಕೊಡುವುದಿಲ್ಲ. ಮೂವರಿಗೂ ಸೀಟಿರುವ ದರ್ಜೆಗೆ ಹೋಗಿ ಮೂವರಿಗೂ ಕೆ ಹಾಕುತ್ತದೆ, 17,700. ನಾನು ಎರಡು ಪಿಎನ್‌ಆರ್ ಮಾಡಿದೆ. ಇಬ್ಬರಿಗೆ ಎಲ್, ಒಬ್ಬರಿಗೆ ಕೆ, ಒಟ್ಟು 15,100. ಆ ಅಜ್ಜಿ ಉಳಿದ 2,600ರ ಲೆಕ್ಕವನ್ನು ಬೆರಳಲ್ಲಿ ಎಣಿಸಿ ನೋಡಿ ಸಮಾಧಾನಪಟ್ಟಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀವೂ ಮನೆಯವರೆಲ್ಲ ಹೊರಡುವಾಗ ಮೊದಲು ಒಬ್ಬರಿಗೆ ಅಂತ ಹುಡುಕಿ ನೋಡಿ, ಆಮೇಲೆ ಎಲ್ಲರಿಗೂ ಹುಡುಕಿ. ತಲಾ ದರ ಬೇರೆ ಬಂದರೆ ಒಡೆದು ತೆಗೆದುಕೊಳ್ಳಿ. ಆದರೆ ವಿಮಾನ ರದ್ದಾದರೆ ಎರಡು ಪಿಎನ್‌ಆರ್‌ನವರನ್ನು ಬೇರೆ ಬೇರೆ ವಿಮಾನಕ್ಕೆ ಹಾಕಿಬಿಡಬಹುದು. ಮಕ್ಕಳು, ವಯಸ್ಸಾದವರು ಇದ್ದರೆ ಅವರ ಜೊತೆಗೆ ಅದೇ ಪಿಎನ್‌ಆರ್‌ನಲ್ಲಿ ಒಬ್ಬರು ದೊಡ್ಡವರು ಇರಲೇಬೇಕು.

ಯಾವ ಸಾಲು ಯಾವಾಗ ಮುಚ್ಚಬೇಕು ಅನ್ನುವುದರ ಹಿಂದೆ ಹಳೆಯದೊಂದು ಲೆಕ್ಕ ಇದೆ. ಬ್ರಿಟನ್ನಿನ ಬಿಓಎಸಿ ಅನ್ನುವ ವಿಮಾನ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್ 1972ರಲ್ಲಿ ಹಾಕಿಕೊಟ್ಟ ಸೂತ್ರ ಅದು. ಈಗ 4,000ಕ್ಕೆ ಕೇಳುವವನು ಎದುರಿಗಿದ್ದಾನೆ. ಕೊನೆಗೆ 12,000 ಕೊಡುವವನು ಬರಬಹುದು, ಬರದೆಯೂ ಇರಬಹುದು. ಅವನು ಬರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಇದ್ದರೆ ಸೀಟು ಇಟ್ಟುಕೋ, ಕಡಿಮೆ ಇದ್ದರೆ ಈಗಲೇ ಮಾರು. ಇವತ್ತಿನ ಕಂಪ್ಯೂಟರ್‌ಗಳು ಇದನ್ನೇ ಬಹಳ ದೊಡ್ಡದಾಗಿ, ಬಹಳ ಬೇಗ ಮಾಡುತ್ತವೆ.

ಈ ಲೆಕ್ಕದಲ್ಲಿ ನನಗೆ ಯಾವತ್ತೂ ಒಪ್ಪಿಗೆಯಾಗದ್ದು ಒಂದಿದೆ. ಕೊನೇ ಗಳಿಗೆಗೆ ಬರುವವನು ಕಂಪನಿ ದುಡ್ಡಲ್ಲಿ ಓಡಾಡುವವನು ಅಂತ ಅದು ಅಂದುಕೊಂಡಿರುತ್ತದೆ. ಒಂದು ಸಂಜೆ ಒಬ್ಬ ಹುಡುಗ ಬಂದ. ಬೆಳಿಗ್ಗೆಯೊಳಗೆ ದೆಹಲಿಯಲ್ಲಿ ಇರಬೇಕು, ಅಪ್ಪ ತೀರಿಕೊಂಡಿದ್ದಾರೆ ಅಂದ. ಸ್ಕ್ರೀನಿನಲ್ಲಿ ವೈ ಬಿಟ್ಟು ಉಳಿದದ್ದೆಲ್ಲ ಸೊನ್ನೆ. ಅವನು ಇಬ್ಬರು ಗೆಳೆಯರಿಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಳ್ಳುವವರೆಗೂ ನಾನು ಆ ಸೀಟು ಹಿಡಿದು ಕೂತಿದ್ದೆ. ಸೂತ್ರಕ್ಕೆ ಅವನೂ ಒಂದೇ, ಮೀಟಿಂಗಿಗೆ ಹೋಗುವವನೂ ಒಂದೇ. ಇಂಥವರಿಗೆ ಪಟ್ಟಿಯಲ್ಲೇ ಒಂದು ಸಾಲು ತೆರೆದಿಡಬೇಕು ಅಂತ ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಪಟ್ಟಿ ಎಲ್ಲಿದೆ ಅಂತೀರಾ? ಜಗತ್ತಿನ ಬಹುತೇಕ ದೊಡ್ಡ ಕಂಪನಿಗಳು ತಮ್ಮ ದರಗಳನ್ನು ಎಟಿಪಿಸಿಓ ಅನ್ನುವ ಸಂಸ್ಥೆಗೆ ಕಳಿಸುತ್ತವೆ. ಅದರ ಮಾಲೀಕರೂ ವಿಮಾನ ಕಂಪನಿಗಳೇ. ಅಲ್ಲಿಂದ ದರ, ಷರತ್ತು ಎಲ್ಲ ಏಜೆಂಟರ ಸಿಸ್ಟಮ್‌ಗೆ ಬರುತ್ತದೆ, ದಿನಕ್ಕೆ ಹಲವು ಸಲ. ಈ ಪಟ್ಟಿಯ ಮೂಲಕವೇ ಕಂಪನಿಗಳು ಒಂದಕ್ಕೊಂದು ದರದ ಸನ್ನೆ ಮಾಡುತ್ತಿವೆ ಅಂತ ಅಮೆರಿಕದ ಸರ್ಕಾರ 1992ರಲ್ಲಿ ಕೇಸು ಹಾಕಿ, 1994ರಲ್ಲಿ ರಾಜಿಯಾಗಿತ್ತು. ನಮ್ಮಲ್ಲಿ 1937ರ ವಿಮಾನ ನಿಯಮಗಳ 135ನೇ ನಿಯಮದ ಪ್ರಕಾರ ದರ ಕಟ್ಟುವುದು ಕಂಪನಿಯೇ. ಖರ್ಚು, ಸೇವೆ, ನ್ಯಾಯವಾದ ಲಾಭ, ಚಾಲ್ತಿಯ ದರ ನೋಡಿ ಕಟ್ಟಬೇಕು, ಪ್ರಕಟಿಸಬೇಕು. ಕಂಪನಿಯ ವೆಬ್‌ಸೈಟಿನ ಮೂಲೆಯಲ್ಲಿ 'ಟ್ಯಾರಿಫ್ ಶೀಟ್' ಅಂತ ಹುಡುಕಿ, ಮಾರ್ಗವಾರು ಪಟ್ಟಿ ಸಿಗುತ್ತದೆ. ಕೋವಿಡ್ ಕಾಲದಲ್ಲಿ, 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ ಸರ್ಕಾರವೇ ದರಕ್ಕೆ ಮೇಲೆ ಕೆಳಗೆ ಗೆರೆ ಎಳೆದಿತ್ತು. ಶುರುವಿನಲ್ಲಿ ದೆಹಲಿ–ಮುಂಬೈಗೆ 3,500ರಿಂದ 10,000.

ಇನ್ನು ಹುಡುಕಿದ್ದಕ್ಕೆ ಏರಿಸುತ್ತಾರಾ ಅನ್ನುವುದು. ನನ್ನ ಅನುಭವದಲ್ಲಿ ಒಂದು ಸಲವೂ ಹಾಗೆ ಕಂಡಿಲ್ಲ. ಬುಕಿಂಗ್ ಸೈಟುಗಳು ಸ್ವಲ್ಪ ಹೊತ್ತಿನ ಹಿಂದಿನ ದರವನ್ನು ನೆನಪಿಟ್ಟುಕೊಂಡು ತೋರಿಸುತ್ತವೆ. ಒತ್ತಿದಾಗ ನಿಜವಾದ ದರ ಬರುತ್ತದೆ, ಏರಿದ ಹಾಗೆ ಕಾಣುತ್ತದೆ. ಅಥವಾ ಆ ಕೊನೆಯ ಎಲ್ ಸೀಟು ಬೇರೆ ಯಾರ ಕೈಯಲ್ಲೋ ಇರುತ್ತದೆ. ಅವರು ದುಡ್ಡು ಕಟ್ಟದೆ ಬಿಟ್ಟರೆ ಅದು ಮತ್ತೆ ಬರುತ್ತದೆ. ಅದಕ್ಕೇ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ ಅನ್ನುತ್ತಿದ್ದೆ. ಬ್ರೌಸರಿನ ಇನ್‌ಕಾಗ್ನಿಟೋದಲ್ಲಿ, ಅಂದರೆ ಗುರುತು ಉಳಿಸದ ಕಿಟಕಿಯಲ್ಲಿ, ನೋಡುವುದೆಲ್ಲ ಸುಮ್ನೆ.

ಕೊನೆಗೆ, ನೀವು ಕೇಳದ್ದು. ಟಿಕೆಟ್ಟಿನ ಒಟ್ಟು ಮೊತ್ತದಲ್ಲಿ ಮೂಲ ದರ ಬೇರೆ, ತೆರಿಗೆ ಬೇರೆ, ನಿಲ್ದಾಣ ಬಳಸಿದ್ದಕ್ಕೆ ಹಾಕುವ ಶುಲ್ಕ, ಯುಡಿಎಫ್, ಬೇರೆ. 'ನಾನ್ ರಿಫಂಡಬಲ್' ಅಂತ ಬರೆದಿದ್ದರೂ, ನೀವು ಹೋಗದಿದ್ದರೂ, ಸರ್ಕಾರದ ತೆರಿಗೆ ಮತ್ತು ಯುಡಿಎಫ್ ವಾಪಸ್ ಕೊಡಲೇಬೇಕು ಅಂತ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ರದ್ದತಿ ಶುಲ್ಕವೂ ಮೂಲ ದರ ಮತ್ತು ಇಂಧನ ಸರ್ಚಾರ್ಜ್ ಸೇರಿದ ಮೊತ್ತವನ್ನು ಮೀರುವಂತಿಲ್ಲ. ತುಂಬಾ ಜನ ಕೇಳುವುದೇ ಇಲ್ಲ. ಹೋಗದೆ ಬಿಟ್ಟ ಹಳೆ ಟಿಕೆಟ್ ಇದ್ದರೆ ಪಿಎನ್‌ಆರ್ ಬರೆದು ಕಂಪನಿಗೆ ಇವತ್ತೇ ಒಂದು ಮೇಲ್ ಹಾಕಿ.