ಎಂ.ಜಿ. ರೋಡ್, ಬ್ರಿಗೇಡ್ ರೋಡಿನ ರಾತ್ರಿಗಳಿಗೆ ಹಳೆಯ ಕಳೆ ಈಗ ಯಾಕಿಲ್ಲ?

ಕಳೆ ಪೂರ್ತಿ ಹೋಗಿಲ್ಲ, ಜಾಗ ಬದಲಿಸಿದೆ. ಮೊದಲು ಇಡೀ ಬೆಂಗಳೂರಿಗೆ ಸಂಜೆ ಸುತ್ತಾಡೋಕೆ, ಬಿಯರ್ ಕುಡಿಯೋಕೆ ಅಂತ ಇದ್ದದ್ದು ಹೆಚ್ಚುಕಮ್ಮಿ ಇದೊಂದೇ ಕಡೆ. ಐಟಿ ಕೆಲಸಗಳು ಹೆಚ್ಚಿ ಊರು ಪೂರ್ವಕ್ಕೂ ದಕ್ಷಿಣಕ್ಕೂ ಹಬ್ಬಿದಾಗ ದುಡ್ಡಿರುವ ಹುಡುಗರು ಇಂದಿರಾನಗರ, ಕೋರಮಂಗಲದಲ್ಲೇ ಮನೆ ಮಾಡಿದರು, ಪಬ್‌ಗಳೂ ಅವರ ಹಿಂದೆಯೇ ಹೋದವು. ಆ ಟ್ರಾಫಿಕ್ ದಾಟಿಕೊಂಡು ಇಲ್ಲಿಗೆ ಯಾರು ಬರ್ತಾರೆ ಹೇಳಿ?

ಇನ್ನೊಂದು ಮೆಟ್ರೋ. ಎಂ.ಜಿ. ರೋಡಿನ ಪಕ್ಕದ ಮರಗಳ ಸಾಲು, ಕಾಲುದಾರಿ ಎಲ್ಲ ಅದಕ್ಕೇ ಹೋಯಿತು. ಪ್ಲಾಜಾ ಟಾಕೀಸ್ ಇದ್ದ ಜಾಗದಲ್ಲಿ ಈಗ ಇರುವುದು 2011ರಲ್ಲಿ ಶುರುವಾದ ಸ್ಟೇಷನ್. ಬ್ರಿಗೇಡ್ ರೋಡಿನ ರೆಕ್ಸ್ ಟಾಕೀಸ್ 2018ರ ಕೊನೆಗೆ ಮುಚ್ಚಿತು. ಸೆಕೆಂಡ್ ಶೋ ಮುಗಿಸಿ ಬೀದಿಗಿಳಿಯುವ ಆ ಜನಜಂಗುಳಿಯೇ ರಾತ್ರಿಯ ಅರ್ಧ ಜೀವ ಆಗಿತ್ತು, ಅಲ್ವಾ?

ತಮಾಷೆ ಅಂದ್ರೆ, ನಾವು ಹಂಬಲಿಸುವ ಆ ಕಾಲದಲ್ಲಿ ಪೊಲೀಸರು ಹನ್ನೊಂದೂವರೆಗೆಲ್ಲ ಪಬ್ ಮುಚ್ಚಿಸುತ್ತಿದ್ದರು. ಗಡುವು ರಾತ್ರಿ ಒಂದು ಗಂಟೆಗೆ ಹೋದದ್ದು ಆಮೇಲೆ. ಇಂಡಿಯಾ ಕಾಫಿ ಹೌಸ್ ಕೂಡ ಸತ್ತಿಲ್ಲ, 2009ರಲ್ಲಿ ಎಂ.ಜಿ. ರೋಡಿನಿಂದ ಪಕ್ಕದ ಚರ್ಚ್ ಸ್ಟ್ರೀಟಿಗೆ ಬಂತು. ಅಲ್ಲಿ ಪುಸ್ತಕದಂಗಡಿಗಳೂ ಇವೆ. ನನಗಂತೂ ಈಗಿನ ಚರ್ಚ್ ಸ್ಟ್ರೀಟೇ ಜಾಸ್ತಿ ಇಷ್ಟ, ಶನಿವಾರ ರಾತ್ರಿ ಒಂದು ಬಿಟ್ಟು.